ಗುರುವಾರದ ಹೊಲಿಗೆ

ನಮ್ಮ ಫೋನಿಗೆ ಕಿವಿಯಿಲ್ಲ, ಬಾಯಿ ಮಾತ್ರ.
ಬಕೆಟ್ಟಿಗೆ ಬಿದ್ದೆದ್ದ ದಿನದಿಂದ
ಸ್ಪೀಕರಿನಲ್ಲಿ ಬಿಟ್ಟು ಬೇರೆ ಥರ ಮಾತಾಡುವುದಿಲ್ಲ.
ಹಗಲೆಲ್ಲ ಅದು ಅಪ್ಪನ ಜೇಬಿನದು,
ಅರಸೀಕೆರೆ ಕಾಯಿಮಂಡಿಯಲ್ಲಿ.
ರಾತ್ರಿ ಒಂದು ಗಂಟೆ ನನ್ನ ಹೋಮ್‌ವರ್ಕಿನದು.
ಗುರುವಾರ ಮಾತ್ರ ಅಮ್ಮನದು.

ತಮ್ಮ ಹುಟ್ಟಿ ಹನ್ನೊಂದು ದಿನ ಇದ್ದು ಹೋದಮೇಲೆ
ಅಮ್ಮ ಸಾರಿಗೆ ಉಪ್ಪು ಹಾಕುವುದು ಮರೆತಳು,
ಆಮೇಲೆ ಸಾರು ಮಾಡುವುದನ್ನೇ.
ದೃಷ್ಟಿ ಅಂದರು, ಗಾಳಿ ಅಂದರು,
ಅಜ್ಜಿ ಬಂದು ತಾಯಿತ ಕಟ್ಟಿ ಒಂದು ವಾರ ಬೈದು ಹೋದಳು.
ಆಶಾ ದಾಕ್ಷಾಯಿಣಕ್ಕ ಮಾತ್ರ
ಬಿಸಿಲಿಗೆ ಹಿಡಿದ ಛತ್ರಿ ಮಡಚಿ, ಹೊಸ್ತಿಲಲ್ಲಿ ಕೂತು
ತಮ್ಮ ಫೋನು ನೋಡಿಕೊಂಡು ಒಂಬತ್ತು ಪ್ರಶ್ನೆ ಕೇಳಿದರು.
ಒಂಬತ್ತನೆಯದಕ್ಕೆ ಅಮ್ಮ
ನನ್ನನ್ನು ಅಂಗಡಿಗೆ ಕಳಿಸಿದಳು,
ಬೇಡದ ಬೆಂಕಿಪೊಟ್ಟಣಕ್ಕೆ.

ಹಾಗೆ ಬಂದದ್ದು ಈ ಕರೆ.
ಹಾಸನದಿಂದ ಒಬ್ಬರು ಮೇಡಂ, ಎಂಟೂವರೆಗೆ.
ಸಿಗ್ನಲ್ಲು ಇರುವುದು ಹೊಲಿಗೆ ಮೆಷಿನ್ನಿನ ಮೇಲೆ ಮಾತ್ರ,
ಮೆಷಿನ್ನಿನಾಚೆ ತಗಡಿನ ಗೋಡೆ,
ತಗಡಿನಾಚೆ ಫಹಮೀದಮ್ಮ, ಅವರ ಸೊಸೆ, ಸೊಸೆಯ ಟಿವಿ.
'ನಿದ್ದೆ ಹೇಗಿದೆ ಸಣ್ಣಮ್ಮ?' ಎಂದು ಹಾಸನ ಕೇಳಿದರೆ
ರೈಲ್ವೆ ಗೇಟಿನ ಸಾಲಿಗೆಲ್ಲ ಗೊತ್ತಾಗಬೇಕು
ಅಮ್ಮನ ನಿದ್ದೆ.

ಅದಕ್ಕೆ ಅಮ್ಮ ಮೆಷಿನ್ನು ತುಳಿದಳು.
ದಾರವಿಲ್ಲ, ಬಟ್ಟೆಯಿಲ್ಲ, ಬಾಬಿನ್ನು ಖಾಲಿ.
ಧೂಳು ಹಿಡಿದ ಚಕ್ರ ಗಡಗಡನೆ
ಅಳುವನ್ನು ಹೊದ್ದುಕೊಂಡು ತಿರುಗಿತು.

ಮೊದಲ ವಾರ ಮೇಡಂ ಏನೂ ಅನ್ನಲಿಲ್ಲ.
ಎರಡನೆಯ ವಾರ, 'ಏನು ಹೊಲೀತಿದೀರ?'
'ಏನೂ ಇಲ್ಲ ಮೇಡಂ.'
'ಯಾರಿಗೆ?'

ಮೆಷಿನ್ನು ನಿಂತಿತು.
ಅಮ್ಮ ಹನ್ನೊಂದು ದಿನದವನ ಅಳತೆ ಹೇಳಿದಳು,
ಎದೆ ಇಷ್ಟು, ತೋಳು ಇಷ್ಟು,
ಫೋನಿಗೆ ಕಾಣುವುದಿಲ್ಲ ಎಂಬುದು ಮರೆತು
ಗೇಣು ಹಿಡಿದು ತೋರಿಸಿದಳು.
ತಗಡಿನಾಚೆ ಟಿವಿಯ ಸದ್ದು ಸಣ್ಣಗಾಯಿತು.

ಮುಂದಿನ ವಾರ ರೀಚಾರ್ಜು ಮುಗಿದು ಕರೆ ಬರಲಿಲ್ಲ.
ಮೆಟ್ಟಿಲ ಮೇಲೆ ಉಗುರಿನಿಂದ ನಾರು ತೆಗೆಯುತ್ತ
ಏನೂ ಕೇಳಿಸದವನಂತೆ ಪ್ರತಿ ವಾರ ಕೂರುವ ಅಪ್ಪ
ಎಂಟೂವರೆಯಿಂದ ಒಂಬತ್ತೂಕಾಲಿನ ತನಕ ಕೂತೇ ಇದ್ದ.
ಮಾರನೆ ದಿನ ಮುನ್ನೂರು ಕಾಯಿ ಹೆಚ್ಚಿಗೆ ಸುಲಿದು ಬಂದ.

ನಲ್ಲಿಯ ಹತ್ತಿರ ಫಹಮೀದಮ್ಮ ಕೇಳಿಯೇಬಿಟ್ಟರು,
'ಯಾಕೆ, ನಿಮ್ಮ ಹಾಸನದವರು ಮಾತಾಡ್ಲಿಲ್ಲ ಈ ಸಲ?'
ಬಿಂದಿಗೆ ತುಂಬಿ ಹರಿಯಿತು. ಅಮ್ಮನ ಮುಖ
ಸುಣ್ಣ ಬಳಿದ ಹಾಗೆ.
ನಾನು ಮನೆಗೆ ಓಡಿ ಗೋಡೆಗೆ ಎರಡು ಕಂಬಳಿ ತೂಗುಹಾಕಿದೆ.
ಕದ್ದು ಕೇಳುವವರ ಕಿವಿ ಕಿವುಡಾಗಲಿ ಎಂದೆ.

ಸಂಜೆ ಅವರೇ ಬಂದರು, ಸೆರಗಿನಲ್ಲಿ ಬಾಯೊತ್ತಿಕೊಂಡು.
'ಉಸಿರು ಎಳೆದು ನಾಕು ಎಣಿಸೋದೊಂದು ಹೇಳಿದ್ರಲ್ಲ,
ಬಿಡೋವಾಗ ನಾಕಾ, ಆರಾ?
ನನ್ನ ಸೊಸೆ ರಾತ್ರಿಯೆಲ್ಲ ಎದ್ದು ಕೂರ್ತಾಳೆ.
ನಿಮ್ಮ ಮೆಷಿನ್ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ ಕಣಮ್ಮ.'

ಅಮ್ಮ ಎಷ್ಟೋ ಹೊತ್ತು ನೆಲ ನೋಡಿದಳು.
'ಆರು,' ಎಂದಳು.

ವಾಸಿಯಾಯಿತೇ ಎಂದು ಕೇಳಬೇಡಿ.
ಸಾರಿಗೆ ಉಪ್ಪು ಬೀಳುತ್ತಿದೆ,
ಕೆಲವು ದಿನ ಎರಡೆರಡು ಸಲ.
ಕಂಬಳಿ ಒಂದನ್ನು ತೆಗೆದಿದ್ದೇನೆ, ಒಂದು ಹಾಗೇ ಇದೆ.

ಮಾತಿನ ನಡುವೆ ಗೂಡ್ಸು ಗಾಡಿ ಬಂದರೆ
ಗೋಡೆ ನಡುಗುತ್ತದೆ, ಫೋನು ಮೆಷಿನ್ನಿನ ಮೇಲೆ ಜರುಗುತ್ತದೆ.
ಅತ್ತ ಹಾಸನದಲ್ಲಿ ಮೇಡಂ ಕಾಯುತ್ತಾರೆ.
ಬೋಗಿ ಎಣಿಸುವುದು ನನ್ನ ಕೆಲಸ. ನಿನ್ನೆ ಐವತ್ತೆಂಟು.
ಕೊನೆಯದು ದಾಟಿದ ಮೇಲೆ
'ಲೈನಲ್ಲಿದೀರಾ ಸಣ್ಣಮ್ಮ?'

'ಇದೀವಿ,' ಎಂದಳು ಅಮ್ಮ.